ಎರವಲು ಮುಚ್ಚಳ

ಬಾಗಿಲು ಕಿರುಗುಟ್ಟಲಿಲ್ಲ. ಅವಳು ಮತ್ತೊಮ್ಮೆ ಹಾಕಿ, ತೆಗೆದು ನೋಡಿದಳು. ಎರಡು ವರ್ಷದಿಂದ ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದ ಬಾಗಿಲು ಎಣ್ಣೆ ಕುಡಿದು ತೆಪ್ಪಗಾಗಿತ್ತು. ಹಾಲಿನ ಪೊಟ್ಟಣ ಎತ್ತಿಕೊಂಡು ಅಡುಗೆಮನೆಗೆ ಬಂದರೆ ಅಲ್ಲಿ ನಲ್ಲಿಯೂ ತೊಟ್ಟಿಕ್ಕುತ್ತಿರಲಿಲ್ಲ. ಒಂದು ಕಾಲು ಗಿಡ್ಡವಾಗಿದ್ದ ಮೇಜು ನಾಲ್ಕೂ ಕಾಲೂರಿ ನಿಂತಿತ್ತು.

ಎಲ್ಲ ಭಾವನ ಕೆಲಸ. ಗಂಡನ ಅಣ್ಣ ಅವರು, ಮೂವತ್ತು ವರ್ಷ ಲೇತ್ ಅಂಗಡಿಯಲ್ಲಿ ಕಬ್ಬಿಣ ಕಡೆದವರು. ಸೊಟ್ಟಗಿರುವುದು ಕಣ್ಣಿಗೆ ಬಿದ್ದರೆ ಅವರ ಕೈ ಸುಮ್ಮನಿರುವುದಿಲ್ಲ. ತಮ್ಮನ ಅಂತ್ಯಕ್ರಿಯೆ ಮುಗಿಸಿ ಬಂದ ಗಳಿಗೆಯಿಂದ ನೆನ್ನೆ ಹೊರಡುವವರೆಗೆ ಅವರು ಅತ್ತದ್ದನ್ನು ಯಾರೂ ನೋಡಲಿಲ್ಲ. ಮನೆಯ ಸಂದುಗೊಂದಿ ಹುಡುಕಿ ಹುಡುಕಿ ರಿಪೇರಿ ಮಾಡಿದರು. ನೆನ್ನೆ, ಭಾನುವಾರ ಸಂಜೆ, ತಿಥಿಯ ಹೊತ್ತಿಗೆ ಮತ್ತೆ ಬರುತ್ತೇನೆಂದು ಹೇಳಿ, ಅತ್ತೆಯನ್ನು ಕರೆದುಕೊಂಡು ಬಸ್ಸು ಹತ್ತಿದರು.

ಈಗ ಮನೆ ಅವಳೊಬ್ಬಳದು. ಗಂಡ ಬಂದ ಎಂದು ಗೊತ್ತಾಗುತ್ತಿದ್ದುದು ಆ ಬಾಗಿಲಿನಿಂದ. ಇನ್ನು ಯಾರು ಒಳಗೆ ಬಂದರೂ ಗೊತ್ತಾಗುವುದಿಲ್ಲ.

ತೊಳೆದ ಪಾತ್ರೆಗಳ ಬುಟ್ಟಿಯಲ್ಲಿ, ಲೋಟಗಳ ಮೇಲೆ, ಆ ಮುಚ್ಚಳ ಇತ್ತು.

ಅಂಗೈಯಗಲದ ಹಳೆಯ ಸ್ಟೀಲ್ ಮುಚ್ಚಳ. ಅವಳು ಅದನ್ನು ಕಪಾಟಿನ ತಲೆಯ ಮೇಲೆ, ಹಳೇ ಪೇಪರಿನ ಅಡಿಯಲ್ಲಿ ಇಟ್ಟಿದ್ದಳು. ಜನ ತುಂಬಿದ್ದಾಗ ದೊಡ್ಡ ಪಾತ್ರೆ ಹುಡುಕುತ್ತ ಅತ್ತೆ ಅಲ್ಲಿಗೂ ಕೈ ಹಾಕಿರಬೇಕು. “ನಿನ್ನ ಪಾತ್ರೆಗಳ ಸಂಸಾರಾನೇ ವಿಚಿತ್ರ ಕಣೇ, ಇದಕ್ಕೆ ಡಬ್ಬಿನೇ ಇಲ್ಲ” ಎಂದು ಅವರು ಯಾವಾಗಲೋ ಗೊಣಗಿದ್ದು ಕಿವಿಗೆ ಬಿದ್ದಿತ್ತು. ಯಾವುದಕ್ಕೆ ಎಂದು ಅವಳು ಕೇಳಿರಲಿಲ್ಲ.

ಅದು ಈ ಮನೆಯದಲ್ಲ. ಗಂಡ ಎರವಲು ತಂದದ್ದು.

ಆಟಿಸಂ ಇರುವ ಮಕ್ಕಳ ಕೇಂದ್ರವೊಂದರಲ್ಲಿ ಅವನು ಥೆರಪಿಸ್ಟ್ ಆಗಿದ್ದ. ಹೋದ ಮಂಗಳವಾರ ಸಂಜೆ ಮನೆಗೆ ಬಂದವನು ಚಪ್ಪಲಿಯನ್ನೂ ಬಿಡದೆ ಜೇಬಿನಿಂದ ಇದನ್ನು ತೆಗೆದು ತೋರಿಸಿದ್ದ. ಒಂಬತ್ತು ವರ್ಷದ, ಮಾತಾಡದ ಹುಡುಗಿಯೊಬ್ಬಳದಂತೆ. ದಿನಕ್ಕೆ ನೂರು ಸಲ ನೆಲದ ಮೇಲೆ ತಿರುಗಿಸುತ್ತಾಳಂತೆ. ಅದಕ್ಕೇ ಅವಳಮ್ಮ ಅವಳನ್ನು ಬುಗುರಿ ಎಂದು ಕರೆಯುವುದಂತೆ.

“ಕೊಟ್ಟಳು ಕಣೇ. ಅವಳಾಗೇ ನನ್ನ ಕೈಯಲ್ಲಿಟ್ಟಳು. ದಿನಾ ಒಂದು ಸಲ ತೋರಿಸ್ತೀನಿ, ಶುಕ್ರವಾರ ನಾಲ್ಕು ಗಂಟೆಗೆ ವಾಪಸ್ ಕೊಡ್ತೀನಿ ಅಂದಿದೀನಿ.”

“ಮುಚ್ಚಳ ತಾನೇ?” ಅಂದಿದ್ದಳು ಅವಳು, ತಲೆಯೆತ್ತದೆ. ಪ್ರಕಾಶಕರೊಬ್ಬರಿಗೆ ಪಠ್ಯಪುಸ್ತಕಗಳ ಕರಡು ತಿದ್ದಿಕೊಡುವುದು ಅವಳ ಕೆಲಸ. ಅಂದು ಕೊನೆಯ ಎಂಟು ಪುಟ ಉಳಿದಿತ್ತು.

“ಮುಚ್ಚಳ ಅಲ್ಲ ಮಾರಾಯ್ತಿ. ನೀನು ನಿನ್ನ ಒಂದು ಕಿವಿ ಬಿಚ್ಚಿ ಪಕ್ಕದ ಮನೆಯವರಿಗೆ ಕೊಟ್ಟ ಹಾಗೆ.”

ಆಮೇಲೆ ಅಡುಗೆಮನೆಯ ನೆಲದ ಮೇಲೆ ಕೂತು ತಿರುಗಿಸತೊಡಗಿದ. ಹುಡುಗಿ ಏನು ಕೇಳಿಸಿಕೊಳ್ಳುತ್ತಾಳೆ ಎಂದು ತಾನೂ ಕೇಳಬೇಕಂತೆ. ಮೊದಲು ಗುಂಯ್ ಎನ್ನುವುದು. ವೇಗ ಇಳಿದಂತೆ ಸದ್ದು ನಡುಗುವುದು. ಕೊನೆಗೆ ಅಂಚಿನಲ್ಲಿದ್ದ ಸೊಟ್ಟ ನೆಲಕ್ಕೆ ತಾಗಿ ಟಕ್, ಟಕ್, ಟಕ್ ಎಂದು ಮೂರು ಸಲ, ಯಾರೋ ಒಂದೇ ಬೆರಳಿನಿಂದ ಬಾಗಿಲು ತಟ್ಟಿದಂತೆ. ಇಪ್ಪತ್ತು ಸಲವಾದ ಮೇಲೆ ಅವಳು ಎದ್ದು ಬಂದು, ತಿರುಗುತ್ತಿದ್ದುದನ್ನು ಹಾಗೇ ಎತ್ತಿಕೊಂಡು, “ಸಾಕು ಮಾಡು” ಅಂದಳು.

ಅವನು ಕೂತಲ್ಲಿಂದಲೇ ತಲೆಯೆತ್ತಿ ನೋಡಿದ. “ನಾನೂ ಹೀಗೇ ಕಿತ್ಕೊಂಡಿದ್ದೆ” ಅಂದು ನಕ್ಕ. ಯಾರಿಂದ, ಯಾಕೆ ಎಂದು ಅವಳು ಕೇಳಲಿಲ್ಲ. ಕಪಾಟಿನ ಮೇಲೆ ಬಚ್ಚಿಟ್ಟು ಕರಡಿಗೆ ಮರಳಿದಳು.

ಬುಧವಾರ ಬೆಳಿಗ್ಗೆ ಅವನು ಹುಡುಕಿದ. “ಮುಚ್ಚಳ ಎಲ್ಲಿಟ್ಟೆ? ಲೇ, ಎದ್ದಿದೀಯಾ?” ಅವಳಿಗೆ ಎಚ್ಚರವಾಗಿತ್ತು. ಹೊದಿಕೆಯೊಳಗೆ ಕಣ್ಣು ಮುಚ್ಚಿಕೊಂಡೇ ಇದ್ದಳು. ಸ್ವಲ್ಪ ಸಿಟ್ಟು, ಸ್ವಲ್ಪ ತಮಾಷೆ, ಹುಡುಕಲಿ ಅನ್ನುವಷ್ಟು. ಅವನು ಕಾಲು ಗಂಟೆ ಹುಡುಕಿದ. ಬಾಗಿಲು ಕಿರುಗುಟ್ಟಿತು. ಮೆಟ್ಟಿಲ ಮೇಲೆ ಹೆಜ್ಜೆಗಳು ಓಡಿದವು. ಹೊರಟಿದ್ದ ಬಸ್ಸಿನ ಹಿಂದೆ ಓಡಿ, ಹತ್ತಿ, ಕಂಬಿ ಹಿಡಿದು ನಿಂತವನು ಹಾಗೇ ಕುಸಿದನಂತೆ.

ಹೃದಯದಲ್ಲಿ ಹುಟ್ಟಿನಿಂದಲೇ ದೋಷವಿತ್ತು, ಇಂದಲ್ಲ ನಾಳೆ ಆಗುವುದೇ ಇತ್ತು ಎಂದರು ವೈದ್ಯರು. ವೈದ್ಯರಿಗೆ ಮುಚ್ಚಳದ ವಿಷಯ ಗೊತ್ತಿರಲಿಲ್ಲ.

ಅಂದಿನಿಂದ ದಿನವೂ ಸಂಜೆ ಏಳೂವರೆಗೆ, ಅವನು ಮುಚ್ಚಳ ತಿರುಗಿಸುತ್ತ ಕೂತಿದ್ದ ಹೊತ್ತಿಗೇ, ಅಡುಗೆಮನೆಯ ನೆಲದಿಂದ ಸದ್ದು ಬರುತ್ತದೆ. ಗುಂಯ್ ಎನ್ನುವುದು, ನಡುಗುವುದು, ಮೂರು ಸಲ ತಟ್ಟುವುದು. ಮನೆ ತುಂಬ ಜನ ಇದ್ದಾಗಲೂ ಬಂತು. ಯಾರೂ ತಲೆಯೆತ್ತಲಿಲ್ಲ. ಅವಳು ಎದ್ದು ಹೋಗಿ ನೋಡಿದರೆ ಒರೆಸಿದ ನೆಲ ಮಾತ್ರ.

ಸೋಮವಾರ ಹನ್ನೊಂದರ ಹೊತ್ತಿಗೆ ಅವಳು ತಿರುಗಿ ನೋಡಿದಾಗ ಅಡುಗೆಮನೆಯ ಹೊಸ್ತಿಲ ಬಳಿ ಒಬ್ಬ ಹೆಂಗಸು ನಿಂತಿದ್ದಳು. ಬೀದಿ ಬಾಗಿಲು ತಾನಾಗಿ ಸರಿದಿತ್ತು, ಸುಳಿವೇ ಕೊಡದೆ. ಕುತ್ತಿಗೆಯಲ್ಲಿ ಅಳತೆಯ ಟೇಪು, ಬಟ್ಟೆಗೆ ಅಂಟಿದ ಬಣ್ಣಬಣ್ಣದ ದಾರದ ಚೂರುಗಳು.

“ಬೆಲ್ ಒತ್ತಿದೆ ಮೇಡಂ, ಕೇಳಿಸ್ಲಿಲ್ವೇನೋ. ನಾನು ಬುಗುರಿ ಅಮ್ಮ. ಟೈಲರ್. ಸರ್ ಹತ್ರ ನಮ್ಮದೊಂದು ಮುಚ್ಚಳ ಉಳಿದಿತ್ತು. ಇಂಥ ಹೊತ್ತಲ್ಲಿ ಮುಚ್ಚಳ ಕೇಳ್ಕೊಂಡು ಬಂದ್ಲಲ್ಲ ಅಂತ ಬೈಕೋಬೇಡಿ.”

“ಮುಚ್ಚಳನಾ? ನಾನು ನೋಡಿಲ್ಲ.”

ಅದು ಅವಳ ಬೆನ್ನ ಹಿಂದೆ ಬುಟ್ಟಿಯಲ್ಲೇ ಇತ್ತು, ಕಿಟಕಿಯ ಬೆಳಕಿಗೆ ಮಿಂಚುತ್ತ. ಹೆಂಗಸಿನ ಕಣ್ಣು ಒಂದು ಸಲ ಅತ್ತ ಹೋಗಿ ಬಂತು. ಬಟ್ಟೆ ಕತ್ತರಿಸುವವರ ಕಣ್ಣು, ಒಂದು ನೋಟಕ್ಕೆ ಅಳತೆ ಸಿಕ್ಕಿಬಿಡುತ್ತದೆ.

“ಸರಿ” ಅಂದಳು. “ಒಂದು ಲೋಟ ನೀರು ಕೊಡ್ತೀರಾ?”

ನೀರು ಕುಡಿಯುತ್ತ ನಿಂತೇ ಹೇಳಿದಳು. ಎರವಲು ತೆಗೆದುಕೊಂಡಾಗ ಸರ್ ಹುಡುಗಿಯ ಕೈಗೆ ಒಂದು ಕಾರ್ಡ್ ಕೊಟ್ಟಿದ್ದರು. ಅದರಲ್ಲಿ ಅವರದೇ ಫೋಟೋ. ವಸ್ತು ಬಂದ ಮೇಲೆ ಕಾರ್ಡ್ ವಾಪಸ್. ಮೊದಮೊದಲು ಪೆನ್ಸಿಲು, ಚೆಂಡು, ಹೀಗೆ ಸಣ್ಣಪುಟ್ಟದ್ದರಲ್ಲಿ ಈ ಆಟ ಕಲಿಸಿದ್ದರು. ಕೊಟ್ಟದ್ದು ತಿರುಗಿ ಬರುತ್ತದೆ ಎನ್ನುವುದು ಒಂದೇ ಪಾಠ. ಒಂದು ನಿಮಿಷವೂ ತಡ ಮಾಡಿದವರಲ್ಲ.

“ಶುಕ್ರವಾರ ನಾಲ್ಕಕ್ಕೆ ಕಾರ್ಡ್ ಹಿಡ್ಕೊಂಡು ಬಾಗಿಲ ಮುಂದೆ ಕೂತ್ಲು. ಶನಿವಾರ, ಭಾನುವಾರನೂ ಕೂತ್ಲು. ಕೇಂದ್ರದವರು ಪಾಪ, ಅಂಗಡಿ ಅಂಗಡಿ ಸುತ್ತಿ ಹನ್ನೊಂದು ಮುಚ್ಚಳ ತಂದ್ರು. ಚೆನ್ನಾಗಿ ಸಾಲಾಗಿ ಜೋಡಿಸಿದ್ಲು. ನಾನೊಂದು ಪಾತ್ರೆ ಅಂಗಡಿ ಇಡಬಹುದು ಈಗ. ಒಂದನ್ನೂ ತಿರುಗಿಸ್ಲಿಲ್ಲ.” ಲೋಟವನ್ನು ಸಿಂಕಿನಲ್ಲಿಟ್ಟಳು. “ಊಟ ಬಿಟ್ಟಿದಾಳೆ. ಮಣಿಕಟ್ಟು ಕಚ್ಕೊಳ್ಳೋದು ನಿಂತಿತ್ತು, ಮತ್ತೆ ಶುರುವಾಗಿದೆ. ನಾಳೆ ಬರ್ತೀನಿ. ನಾಳೆ ಕೇಳ್ತೀನಿ.”

“ಇಲ್ಲ ಅಂದ್ನಲ್ಲ.”

“ಹೌದು. ನಾಳೆನೂ ಇಲ್ಲ ಅನ್ಬಹುದು ನೀವು.”

ಮಂಗಳವಾರ ಅದೇ ಹೊತ್ತಿಗೆ ಬಂದಳು. ಮುಚ್ಚಳ ಅದೇ ಬುಟ್ಟಿಯಲ್ಲಿತ್ತು. ಅವಳಿಗೆ ಅದನ್ನು ಮುಟ್ಟಲೂ ಆಗಿರಲಿಲ್ಲ, ಮರೆಮಾಡಲೂ ಆಗಿರಲಿಲ್ಲ.

“ಸರ್ ಹತ್ರ ಇದ್ದ ಮುಚ್ಚಳ ಕೊಡ್ತೀರಾ ಮೇಡಂ?”

“ಕಾಣಿಸ್ತಿದೆಯಲ್ಲ ಅಲ್ಲಿ” ಅಂದಳು ಅವಳು. ಎಷ್ಟೋ ದಿನದ ಮೇಲೆ ಅವಳ ದನಿ ಏರಿತ್ತು. “ನೆನ್ನೆನೇ ನೋಡಿದೀರಿ. ದಿನಾ ಬಂದು ಯಾಕೆ ಪ್ರಾಣ ತಿಂತೀರಿ? ತಗೊಂಡು ಹೋಗಿ.”

“ಕಿತ್ಕೊಂಡು ಹೋಗಲ್ಲ.”

“ನಿಮ್ಮದೇ ಅಲ್ವಾ?”

“ನಮ್ಮದೇ. ಆದ್ರೂ ಈಗ ನಿಮ್ಮ ಹತ್ರ ಇದೆ.” ಟೈಲರಮ್ಮ ಕೇಳದೆಯೇ ನೆಲದ ಮೇಲೆ ಕೂತಳು, ಬಾಗಿಲಿಗೆ ಒರಗಿ. “ಕೂತ್ಕೊಳ್ಳಿ, ಒಂದು ಹೇಳ್ತೀನಿ. ಸರ್ ನಿಮಗೆ ಹೇಳಿದಾರೋ ಇಲ್ವೋ.”

ಅವನು ಹೇಳಿರಲಿಲ್ಲ. ಕೇಂದ್ರ ಸೇರಿದ ಮೊದಲ ವರ್ಷ ಅವನಿಗೆ ಕಲಿಸಿದ್ದ ಪದ್ಧತಿಯೇ ಬೇರೆ. ಮಗು ಕಣ್ಣಲ್ಲಿ ಕಣ್ಣಿಟ್ಟು ನೋಡಿದರೆ ಅದಕ್ಕೆ ಬೇಕಾದ ವಸ್ತು ಸಿಗಬೇಕು, ಇಲ್ಲದಿದ್ದರೆ ಇಲ್ಲ. ಬುಗುರಿಗೆ ಆಗ ಆರು ವರ್ಷ.

“ಮುಚ್ಚಳ ಕಪಾಟಲ್ಲಿಟ್ಟು ಬೀಗ ಹಾಕಿದ್ರು. ನನ್ನನ್ನ ಗಾಜಿನ ಆಚೆ ನಿಲ್ಸಿದ್ರು, ಒಳಗೆ ಬರಬೇಡಿ, ಬಂದ್ರೆ ಮಗು ಕೆಡುತ್ತೆ ಅಂತ. ನಲವತ್ತು ನಿಮಿಷ. ಎಷ್ಟು ಅತ್ಲು, ಎಲ್ಲೆಲ್ಲಿ ಕಚ್ಕೊಂಡ್ಲು, ಅದೆಲ್ಲ ಬೇಡ ಬಿಡಿ. ಕೊನೆಗೆ ನೋಡಿದ್ಲು, ಸರ್ ಕಣ್ಣನ್ನೇ. ಎಲ್ಲರೂ ಚಪ್ಪಾಳೆ ತಟ್ಟಿದ್ರು. ಮುಚ್ಚಳ ಕೈಗೆ ಬಂದ ತಕ್ಷಣ ಗೋಡೆಗೆ ಎಸೆದ್ಲು. ಅದರ ಅಂಚಲ್ಲಿರೋ ಸೊಟ್ಟ ಅವತ್ತಿನದು.”

“ಆಮೇಲೆ?”

“ಅವತ್ತು ಸಂಜೆ ಸರ್ ನಮ್ಮನೆಗೆ ಬಂದ್ರು. ಒಳಗೆ ಬರ್ಲಿಲ್ಲ, ಹೊಸ್ತಿಲಲ್ಲೇ ಕೂತ್ರು. ತಪ್ಪು ಮಾಡ್ದೆ ಅಂದ್ರು. ನನಗಲ್ಲ, ಅವಳಿಗೆ. ಮೂರು ತಿಂಗಳು ಸುಮ್ನೆ ಪಕ್ಕದಲ್ಲಿ ಕೂತು ತಮ್ಮದೊಂದು ಮುಚ್ಚಳ ತಿರುಗಿಸ್ತಿದ್ರು. ನಂಗೋ ನಗು. ಇದಕ್ಕೆ ಓದಬೇಕಾ ಇವರು ಅಂತ. ಆಮೇಲೆ ಕೇಳೋಕೆ ಶುರು ಮಾಡಿದ್ರು. ಕೈ ಚಾಚೋದು, ಅವಳು ಮುಖ ತಿರುಗ್ಸೋದು, ‘ಸರಿ, ನಾಳೆ ಕೇಳ್ತೀನಿ’ ಅನ್ನೋದು. ಎರಡು ವರ್ಷ ಕೇಳಿದ್ರು ಮೇಡಂ. ಇಲ್ಲ ಅಂದ್ರೆ ಇಲ್ಲ. ಅವಳ ‘ಇಲ್ಲ’ನ ನಾವು ನಂಬದೆ ಅವಳು ನಮ್ಮನ್ನ ಹೆಂಗೆ ನಂಬ್ತಾಳೆ ಅಂತಿದ್ರು.” ಸ್ವಲ್ಪ ಹೊತ್ತು ಟೇಪನ್ನು ಬೆರಳಿಗೆ ಸುತ್ತಿದಳು. “ನನಗೂ ಒಂದು ಸಲ ಹೇಳಿದ್ರು. ಇವತ್ತು ನಿಮ್ಮ ಕೈಲಾಗಲ್ಲ ಅನ್ಸಿದ್ರೆ ಥೆರಪಿಗೆ ಬರಬೇಡಿ ಅಕ್ಕಾ, ಮಲ್ಕೊಳ್ಳಿ ಅಂತ. ಒಂಬತ್ತು ವರ್ಷದಲ್ಲಿ ನನಗೆ ಮಲ್ಕೋ ಅಂದೋರು ಅವರೊಬ್ರೇ.”

ನೆಲ ತಣ್ಣಗಿತ್ತು. ಅವಳೂ ಎದುರು ಗೋಡೆಗೆ ಒರಗಿ ಕೂತಿದ್ದಳು. ಯಾವಾಗ ಕೂತಳೋ.

“ಅಕ್ಕಾ, ಅವನು ಅವತ್ತು ಬೆಳಿಗ್ಗೆ ಇದನ್ನ ಹುಡುಕ್ತಾ ತಡ ಮಾಡ್ಕೊಂಡ. ಬಸ್ಸಿಗೆ ಓಡಿದ. ಬಚ್ಚಿಟ್ಟಿದ್ದು ನಾನು. ಎಲ್ಲಿ ಅಂತ ಕೂಗಿ ಕೇಳಿದ. ನಾನು ನಿದ್ದೆ ಬಂದ ಹಾಗೆ ಮಲಗಿದ್ದೆ.”

ಯಾರಿಗೂ ಹೇಳಿರದ ಮಾತು ಅಡುಗೆಮನೆಯಲ್ಲಿ ನಿಂತುಬಿಟ್ಟಿತು. ನಿನ್ನ ತಪ್ಪಲ್ಲ ಎಂದು ಟೈಲರಮ್ಮ ಹೇಳಲಿಲ್ಲ. ವಿಧಿ ಎನ್ನಲಿಲ್ಲ. ಎದ್ದು, ಬಟ್ಟೆ ಕೊಡವಿಕೊಂಡಳು.

“ನಾಳೆ ಕೇಳ್ತೀನಿ” ಅಂದಳು.

ಅಂದು ಸಂಜೆ ಏಳೂವರೆಗೆ ಮುಂಚೆಯೇ ಅವಳು ಮುಚ್ಚಳವನ್ನು ಕೈಗೆತ್ತಿಕೊಂಡಳು. ಅವನು ಕೂತಿದ್ದ ಜಾಗದಲ್ಲೇ ಕೂತು ತಿರುಗಿಸಿದಳು. ಎರಡು ಸಲ ಜಾರಿ ಬಿತ್ತು. ಮೂರನೆಯ ಸಲ ನಿಂತು ತಿರುಗಿತು. ಗುಂಯ್ ಅಂದಿತು, ನಡುಗಿತು, ಡರ್ರನೆ ಮಲಗಿಬಿಟ್ಟಿತು. ಟಕ್ ಟಕ್ ಬರಲಿಲ್ಲ. ಮತ್ತೆ ತಿರುಗಿಸಿದಳು. ಬರಲಿಲ್ಲ. ಅಂಚಿನ ಸುತ್ತ ಬೆರಳಾಡಿಸಿದಳು. ಎಲ್ಲಿಯೂ ಸೊಟ್ಟ ಇಲ್ಲ. ದುಂಡಗೆ, ನುಣ್ಣಗೆ, ಅಂಗಡಿಯಿಂದ ತಂದಂತಿತ್ತು.

ಅಷ್ಟರಲ್ಲಿ ಏಳೂವರೆಯ ಆ ಇನ್ನೊಂದು ಸದ್ದು ನೆಲದಿಂದ ಬಂತು. ಮುಚ್ಚಳ ಅವಳ ಕೈಯಲ್ಲೇ ಇತ್ತು. ಸದ್ದು ಮೂರು ಸಲ ತಟ್ಟಿ ನಿಂತಿತು.

ಅವಳು ಭಾವನಿಗೆ ಫೋನ್ ಮಾಡಿದಳು.

“ಹೂಂ, ನಾನೇ. ಒಂದು ಕಡೆ ಸೊಟ್ಟ ಇತ್ತಮ್ಮ, ಮರದ ಕೊಡತೀಲಿ ತಟ್ಟಿ ನೇರ ಮಾಡ್ದೆ. ಸರಿ ಕೂರುತ್ತಾ ಈಗ?”

“ಯಾವುದಕ್ಕೆ ಭಾವ?”

“ಅದೇ ಗೊತ್ತಾಗ್ಲಿಲ್ಲ. ಅಮ್ಮ ಎಲ್ಲಾ ಡಬ್ಬಿಗೂ ಹಾಕಿ ನೋಡಿದ್ಲು.”

“ಅದನ್ನ ಮತ್ತೆ ಸೊಟ್ಟ ಮಾಡ್ಬೇಕು.”

ಆ ತುದಿಯಲ್ಲಿ ಲೇತ್ ಯಂತ್ರ ನಿಂತ ಸದ್ದಾಯಿತು. ಆಮೇಲೆ, “ಏನಮ್ಮಾ?”

ಬುಧವಾರ ಟೈಲರಮ್ಮ ಬಂದು ಕೇಳಿದಾಗ ಅವಳು ಹೊಸ್ತಿಲಲ್ಲೇ ಹೇಳಿದಳು: “ಇವತ್ತು ಕೊಡೋಕಾಗಲ್ಲ ಅಕ್ಕಾ. ಅದು ಸರಿ ಹೋಗಿಬಿಟ್ಟಿದೆ. ಶುಕ್ರವಾರ ನಾಲ್ಕಕ್ಕೆ ನಾನೇ ತರ್ತೀನಿ.”

ಸರಿ ಹೋಗಿದೆ ಎಂದರೇನೆಂದು ಕೇಳಿ ತಿಳಿದುಕೊಂಡು, ಟೈಲರಮ್ಮ ಬಾಯಿಗೆ ಕೈ ಅಡ್ಡ ಹಿಡಿದಳು. ನಗುವೋ ಅಳುವೋ ಗೊತ್ತಾಗಲಿಲ್ಲ. “ಶುಕ್ರವಾರ ಅಂತ ಅವಳಿಗೆ ಹೇಳ್ಲಾ? ಹೇಳಿದ್ರೆ ತಪ್ಪೋ ಹಾಗಿಲ್ಲ.”

“ಹೇಳಿ.”

ಗುರುವಾರ ಮಧ್ಯಾಹ್ನ ಭಾವ ಬಂದರು. ಚೀಲದಿಂದ ಕೊಡತಿ, ಕಟಿಂಗ್ ಪ್ಲೇಯರ್, ಒಂದು ಮರದ ತುಂಡು ತೆಗೆದು ನೆಲದ ಮೇಲೆ ಹರಡಿಕೊಂಡರು. ಒಂದೇ ವಾರದಲ್ಲಿ ಅವರ ಕೆನ್ನೆ ಒಳಗೆ ಹೋಗಿತ್ತು.

“ಅಳತೆ ಹೇಳು.”

“ಅಳತೆ ಗೊತ್ತಿಲ್ಲ ಭಾವ. ಸದ್ದು ಗೊತ್ತು.”

“ಒಳ್ಳೇ ಗಿರಾಕಿ” ಅಂದರು. ಮೊದಲ ಪೆಟ್ಟು ಮೆಲ್ಲಗೆ ಹಾಕಿ ತಿರುಗಿಸಿದರು. “ಹೀಗಾ?”

“ಅಲ್ಲ. ಒಂದೇ ಸಲ ತಟ್ಟಿತು. ಮೂರು ಬೇಕು.”

“ಮೂವತ್ತು ವರ್ಷದಲ್ಲಿ ಸೊಟ್ಟ ಮಾಡಿಕೊಡು ಅಂತ ಯಾರೂ ಬಂದಿರ್ಲಿಲ್ಲ. ಹೀಗೆ?”

“ಜಾಸ್ತಿ ಆಯ್ತು. ಕೊನೇದು ಸಣ್ಣಗೆ ಇರ್ಬೇಕು. ಇದೆಯೋ ಇಲ್ವೋ ಅನ್ನೋ ಹಾಗೆ.”

ಅವರು ಬಗ್ಗಿಸಿದರು, ತಟ್ಟಿದರು, ಬಗ್ಗಿಸಿದರು. ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದಳು. ಹೊಲಿಗೆ ಯಂತ್ರದ ಗದ್ದಲದಲ್ಲಿ ಟೈಲರಮ್ಮ ಅದಕ್ಕೆ ಎಂದೂ ಕಿವಿಗೊಟ್ಟಿರಲಿಲ್ಲವಂತೆ. ಈ ಸದ್ದು ಹೀಗೇ ಇರಬೇಕು ಎಂದು ಹೇಳಬಲ್ಲವರು ಈಗ ಇಬ್ಬರೇ. ಒಬ್ಬಳು ಮಾತಾಡುವುದಿಲ್ಲ. ಇನ್ನೊಬ್ಬಳು ಇದನ್ನು ಸಾಕು ಅಂದವಳು. ಒಂದು ಗಂಟೆ ಕಳೆದಿರಬೇಕು. ಮುಚ್ಚಳ ಗುಂಯ್ ಅಂದು ನಡುಗಿ, ಟಕ್, ಟಕ್, ಮತ್ತೆ ಉಸಿರಿನಷ್ಟು ಸಣ್ಣಗೆ, ಟಕ್ ಅಂದಿತು. ಅವಳು ಕಣ್ಣು ತೆರೆದಳು.

“ಇದೇನಾ?”

“ಹೂಂ.”

ಭಾವ ಕೊಡತಿ ಕೆಳಗಿಟ್ಟು ತಾವೇ ಇನ್ನೊಂದು ಸಲ ತಿರುಗಿಸಿದರು. ಮಲಗುವವರೆಗೂ ನೋಡಿದರು. “ಇದನ್ನೇ ಕೇಳ್ತಾ ಕೂತಿದ್ನಾ ಅವನು?”

“ನಾನು ಸಾಕು ಅಂದೆ ಭಾವ.”

“ನಾವೆಲ್ಲಾ ಅದನ್ನೇ ಅಂತಿದ್ವಿ ಅವನಿಗೆ. ಚಿಕ್ಕೋನಿದ್ದಾಗ ಬಾಗಿಲು ಹಾಕೋದು ತೆಗೆಯೋದು, ಹಾಕೋದು ತೆಗೆಯೋದು, ಸದ್ದು ಕೇಳೋಕೆ. ಅಪ್ಪ ಒಂದು ದಿನ ಕೈ ಮುರಿಯೋ ಹಾಗೆ ಹೊಡೆದ್ರು. ನಾನು ಬಾಗಿಲ ತಿರುಗಣಿಗೆ ಎಣ್ಣೆ ಬಿಟ್ಟೆ, ಮತ್ತೆ ಹೊಡೆತ ಬೀಳದಿರ್ಲಿ ಅಂತ.” ಸಾಮಾನು ಚೀಲಕ್ಕೆ ತುಂಬತೊಡಗಿದರು. ತುಂಬುತ್ತ ತುಂಬುತ್ತ ಅವರ ಬೆನ್ನು ಅಲುಗತೊಡಗಿತು. ಅವಳು ನೋಡದಂತೆ ಕಿಟಕಿಯ ಕಡೆ ತಿರುಗಿದಳು.

ಹೊರಡುವಾಗ ಅವಳು ಕೇಳಿದಳು: “ಈ ಬಾಗಿಲ ಎಣ್ಣೆ ತೆಗೆಯೋಕಾಗುತ್ತಾ ಭಾವ?”

ಅವರು ಬಾಗಿಲನ್ನು ಒಮ್ಮೆ ಆಡಿಸಿ ನೋಡಿದರು. “ಸ್ವಲ್ಪ ದಿನ ತಡಿ. ತಾನೇ ಕೂಗುತ್ತೆ.”

ಆ ಸಂಜೆಯೂ ಏಳೂವರೆಗೆ ಸದ್ದು ಬಂತು. ಅವಳು ಎದ್ದು ಹೋಗಿ ನೋಡಲಿಲ್ಲ. ಕೂತಲ್ಲೇ ಕೊನೆಯ ಟಕ್‌ವರೆಗೆ ಕೇಳಿದಳು.

ಶುಕ್ರವಾರ ಮೂರೂ ಐವತ್ತಕ್ಕೇ ಅವಳು ಟೈಲರಮ್ಮನ ಬೀದಿಯಲ್ಲಿದ್ದಳು. ತಡ ಮಾಡಲಿಲ್ಲ, ಬೇಗವೂ ಹೋಗಲಿಲ್ಲ. ತಿರುವಿನಲ್ಲಿ ನಿಂತು ಗಡಿಯಾರ ನೋಡಿಕೊಂಡಳು. ಏನು ಮಾಡಬೇಕು ಎಂದು ಟೈಲರಮ್ಮ ಮೊದಲೇ ಹೇಳಿಕೊಟ್ಟಿದ್ದಳು. ಮುಟ್ಟಬೇಡಿ. ಮುಖ ಹುಡುಕಬೇಡಿ. ನೆಲದ ಮೇಲೆ ಕೂತು ವಸ್ತುವನ್ನು ಮುಂದಕ್ಕೆ ತಳ್ಳಿ. ಸುಳ್ಳು ಹೇಳಬೇಡಿ, ಊರಿಗೆ ಗೀರಿಗೆ ಹೋಗಿದ್ದಾರೆ ಅಂತ.

ಒಂದೇ ಕೋಣೆ. ಕಿಟಕಿಯ ಬಳಿ ಹೊಲಿಗೆ ಯಂತ್ರ. ಅದರ ಪಕ್ಕ ಗುಂಡಿ ತುಂಬಿದ ಸ್ಟೀಲ್ ಡಬ್ಬಿ, ಮುಚ್ಚಳದ ಬದಲು ಬಟ್ಟೆ ಕಟ್ಟಿದ್ದು. ಗೋಡೆಯ ಉದ್ದಕ್ಕೆ ಹನ್ನೊಂದು ಹೊಸ ಮುಚ್ಚಳಗಳ ಸಾಲು. ಬಾಗಿಲ ಎದುರಿಗೆ ಮೊಣಕಾಲು ಮಡಚಿ ಕೂತ ಹುಡುಗಿ, ಕೈಯಲ್ಲಿ ಕಾರ್ಡ್. ಮಣಿಕಟ್ಟಿಗೆ ಅಮ್ಮ ಹೊಲಿದು ಕೊಟ್ಟ ಮೆತ್ತನೆಯ ಪಟ್ಟಿ.

ಅವಳು ಹೊಸ್ತಿಲ ಒಳಗೆ ಕೂತಳು.

“ಸರ್ ಬರಲ್ಲ. ಅವರು ಸತ್ತುಹೋದರು. ಇನ್ನು ಯಾವತ್ತೂ ಬರಲ್ಲ. ನಾನು ಅವರ ಹೆಂಡತಿ. ನಿನ್ನ ಮುಚ್ಚಳ ನಾನು ಬಚ್ಚಿಟ್ಟೆ, ಅದಕ್ಕೇ ತಡ ಆಯ್ತು. ನಮ್ಮನೇಲಿ ಅದು ಸ್ವಲ್ಪ ಹಾಳಾಯ್ತು. ಮತ್ತೆ ಮಾಡಿಸಿದೀನಿ. ಮೊದಲಿನ ಹಾಗೇ ಇದೆಯೋ ಇಲ್ವೋ, ನಿನಗೇ ಗೊತ್ತು.”

ಹುಡುಗಿ ಅವಳನ್ನು ನೋಡಲಿಲ್ಲ. ಹೊಲಿಗೆ ಯಂತ್ರ ನಿಂತಿತ್ತು.

ಅವಳು ಮುಚ್ಚಳವನ್ನು ನೆಲದ ಮೇಲಿಟ್ಟು ಎರಡು ಬೆರಳಿನಿಂದ ಮುಂದಕ್ಕೆ ತಳ್ಳಿದಳು.

ಹುಡುಗಿ ಅದನ್ನೆತ್ತಿ ಮೂಸಿದಳು. ತುಟಿಯ ಅಂಚಿಗೆ ತಾಗಿಸಿ ಸುತ್ತಲೂ ಒಂದು ಬಾರಿ ಎಳೆದಳು. ಸೊಟ್ಟ ಇದ್ದಲ್ಲಿ ನಿಂತಳು. ಮತ್ತೆ ಎಳೆದಳು. ಆಮೇಲೆ ತಿರುಗಿಸಿದಳು. ಗಂಡನಿಗೂ ಭಾವನಿಗೂ ಬಂದಿರದ ಕೈಚಳಕ ಅದು. ಮುಚ್ಚಳ ಹೂವಿನಂತೆ ನಿಂತು ಬಹಳ ಹೊತ್ತು ತಿರುಗಿತು. ಟಕ್, ಟಕ್, ಟಕ್. ಹುಡುಗಿ ಅಲುಗಲಿಲ್ಲ. ಎರಡನೆಯ ಸಲ ತಿರುಗಿಸಿದಳು. ಮೂರನೆಯ ಸಲ ನೆಲಕ್ಕೆ ಕಿವಿಯಿಟ್ಟು ಮಲಗಿ ಕೇಳಿದಳು. ಸದ್ದು ನಿಂತ ಮೇಲೂ ಹಾಗೇ ಇದ್ದಳು, ಇನ್ನೂ ಏನೋ ಬರಬೇಕಾಗಿದೆ ಎನ್ನುವಂತೆ.

ಯಾರೂ ಚಪ್ಪಾಳೆ ತಟ್ಟಲಿಲ್ಲ.

ಹುಡುಗಿ ಎದ್ದು ಕೂತಳು. ಕಾರ್ಡನ್ನು ನೆಲದ ಮೇಲೆ ಇಟ್ಟು, ಅಂಚು ನೇರ ಮಾಡಿ, ಎರಡು ಬೆರಳಿನಿಂದ ಮುಂದಕ್ಕೆ ತಳ್ಳಿದಳು. ಅದು ಅವಳ ಮೊಣಕಾಲಿನ ಮುಂದೆ ಬಂದು ನಿಂತಿತು. ಅರ್ಧ ಕಣ್ಣು ಮುಚ್ಚಿದ, ಕೆಟ್ಟದಾಗಿ ಬಿದ್ದ ಫೋಟೋ. ಯಾರೋ ಕರೆದರೆಂದು ತಿರುಗಿದವನಂತಿದ್ದ.

ಅವಳು ಕಾರ್ಡನ್ನು ಎತ್ತಿಕೊಂಡಳು. ಮುಚ್ಚಳ ಮತ್ತೆ ತಿರುಗತೊಡಗಿತ್ತು.